ವೃದ್ಧಾಶ್ರಮಗಳೂ ನಮ್ಮ ಹೊಣೆಗಾರಿಕೆಯೂ

ವಿಳುಪ್ಪುರಂ ಜಿಲ್ಲೆಯ ವಿಕ್ರವಾಂಡಿಯ ಸಮೀಪದಲ್ಲಿ ಕುಂಡಲಪುಲಿಯೂರು ಎಂಬ ಗ್ರಾಮವಿದೆ. ಅಲ್ಲಿ ಅನೇಕ ವರ್ಷಗಳಿಂದ ನಡೆದುಬಂದಿದ್ದ ‘ಅನ್ಬು ಜ್ಯೋತಿ’ ಆಶ್ರಮವನ್ನು 2023ನೆಯ ಇಸವಿ ಫೆಬ್ರುವರಿ ತಿಂಗಳಲ್ಲಿ ಪೊಲೀಸರೂ ಅಧಿಕಾರಿಗಳೂ ತಪಾಸಣೆಗೆ ಒಳಪಡಿಸಿದರು. ಅನಾಥರು, ವೃದ್ಧರು, ಮನೋರೋಗಿಗಳು ಹೀಗೆ ಸುಮಾರು 140 ಮಂದಿಯನ್ನು ಅಲ್ಲಿಂದ ಹೊರಗೆ ತಂದು ಆಸ್ಪತ್ರೆಗಳಿಗೂ ಬೇರೆ ಆಶ್ರಯಗಳಿಗೂ ಸೇರಿಸಬೇಕಾಯಿತು. ಸಂಸ್ಥೆಗೆ ಅಗತ್ಯವಾದ ಪರವಾನಗಿ ಇರಲಿಲ್ಲವೆಂದು ಅಧಿಕಾರಿಗಳು ತಿಳಿಸಿದರು. ಹೊಡೆತ, ಕಟ್ಟಿಹಾಕುವಿಕೆ, ಸ್ತ್ರೀಯರ ಮೇಲೆ ಅತ್ಯಾಚಾರ ಮುಂತಾದ ಘೋರ ಆರೋಪಗಳು ಕೇಳಿಬಂದವು. ನಡೆಸುತ್ತಿದ್ದವರ ಬಂಧನವಾಯಿತು, ತನಿಖೆ ಸಿ.ಬಿ.ಸಿ.ಐ.ಡಿ.ಯವರ ಕೈಸೇರಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಸರಕಾರಕ್ಕೆ ನೋಟೀಸು ಕೊಟ್ಟಿತು. ಆರೋಪಗಳ ಸತ್ಯಾಸತ್ಯತೆಯನ್ನು ನಿರ್ಣಯಿಸತಕ್ಕದ್ದು ನ್ಯಾಯಾಲಯ. ಆ ಕೆಲಸಕ್ಕೆ ನಾವು ಕೈಹಾಕುವುದು ಸಲ್ಲದು. ಆದರೆ ಈ ಸಂಗತಿ ಬೆಳಕಿಗೆ ಬಂದ ಬಗೆಯನ್ನು ಮಾತ್ರ ನಮ್ಮ ವಾಚಕರು ಲಕ್ಷ್ಯವಿಟ್ಟು ನೋಡಬೇಕು.

2021ರ ಕೊನೆಯಲ್ಲಿ ಆ ಆಶ್ರಮಕ್ಕೆ ಸೇರಿಸಲ್ಪಟ್ಟಿದ್ದ ಒಬ್ಬ ವೃದ್ಧರನ್ನು ಮರುವರ್ಷ ಅವರ ಕಡೆಯವರು ನೋಡಲು ಹೋದರು. ಅವರು ಅಲ್ಲಿರಲಿಲ್ಲ. ಬೆಂಗಳೂರಿನ ಇನ್ನೊಂದು ಆಶ್ರಮಕ್ಕೆ ಕಳುಹಿಸಲಾಗಿದೆಯೆಂದು ಉತ್ತರ ಬಂತು. ಬೆಂಗಳೂರಿನಲ್ಲಿ ವಿಚಾರಿಸಿದರೆ ಅಲ್ಲಿಯೂ ಇರಲಿಲ್ಲ. ಕಡೆಗೆ ಮದ್ರಾಸ್ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ದಾಖಲಾದ ಮೇಲೆಯೇ ಆಶ್ರಮದ ಬಾಗಿಲು ಪೊಲೀಸರಿಗೆ ತೆರೆಯಿತು. ವರ್ಷಗಟ್ಟಲೆ ಯಾವ ಇಲಾಖೆಯ ಕಣ್ಣಿಗೂ ಬೀಳದಿದ್ದುದು, ಒಬ್ಬ ಮುದುಕರನ್ನು ಕೇಳಿಕೊಂಡು ಅವರ ಕಡೆಯವರು ಬಂದುದರಿಂದ ಹೊರಬಿತ್ತು. ಅಲ್ಲಿದ್ದ ಉಳಿದವರಲ್ಲಿ ಎಷ್ಟು ಮಂದಿಗೆ ಹಾಗೆ ಕೇಳಿಕೊಂಡು ಬರುವವರಿದ್ದರು?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ವೃದ್ಧಾಶ್ರಮದಲ್ಲಿರುವ ತಾಯ್ತಂದೆಗಳಿಗೆ ಕಾಯಿದೆಯ ರಕ್ಷಣೆ ಉಂಟು. ಆದರೆ ಆ ಕಾಯಿದೆ ತಾನಾಗಿ ನಡೆದು ಬರುವುದಿಲ್ಲ. ಬಂಧುಗಳ ಕಾಲಿನಿಂದಲೇ ಅದು ಆಶ್ರಮದ ಹೊಸ್ತಿಲನ್ನು ದಾಟಬೇಕು. ತಿಂಗಳು ತಿಂಗಳು ಹಣ ಕಳುಹಿಸುವುದರಿಂದ ಆ ಹೊಣೆ ತೀರುವುದಿಲ್ಲ.

ಈ ಮಾತು ಚೆನ್ನೈಯ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುವುದೇಕೆಂದರೆ, ನಮ್ಮ ಜೀವನದ ಕಟ್ಟೇ ಹಾಗಿದೆ. 1938ರಲ್ಲಿ ಕೃಷ್ಣರಾಯರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕಾಲದಿಂದಲೂ, ಅದಕ್ಕೂ ಹಿಂದಿನಿಂದಲೂ, ಉಡುಪಿ ಕುಂದಾಪುರಗಳ ಕಡೆಯ ತರುಣರು ಇಲ್ಲಿಗೆ ಬಂದು ಅಡಿಗೆಮನೆಯಲ್ಲಿಯೂ ಗಲ್ಲೆಯ ಮುಂದೆಯೂ ಆಯುಷ್ಯ ಸವೆಸಿದರು. ಕಛೇರಿಗಳಲ್ಲಿ ಗುಮಾಸ್ತರಾಗಿ ದುಡಿದವರೂ ಬಹಳ ಮಂದಿ. ಊರಿನಲ್ಲಿ ತಾಯ್ತಂದೆಗಳು, ಇಲ್ಲಿ ಮಗ. ಅಣ್ಣ ಮುಂಬಯಿಯಲ್ಲಿ, ತಂಗಿ ಗಂಡನ ಮನೆಯಲ್ಲಿ. ಅವಿಭಕ್ತ ಕುಟುಂಬವಿದ್ದ ಕಾಲದಲ್ಲಿ ಮುದುಕರ ಕೈಗೆ ಒಂದು ಲೋಟ ನೀರು ಕೊಡಲು ಯಾರಾದರೂ ಇರುತ್ತಿದ್ದರು. ಈಗ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವಾಗ, ಹಾಸಿಗೆ ಹಿಡಿದ ತಾಯಿಯನ್ನು ಹಗಲೆಲ್ಲ ಯಾರು ನೋಡಿಕೊಳ್ಳಬೇಕು? ಅನಿವಾರ್ಯವಾಗಿ ವೃದ್ಧಾಶ್ರಮದ ದಾರಿ ಹಿಡಿದವರನ್ನು ನಾವು ದೂಷಿಸುವುದಿಲ್ಲ. ಒಳ್ಳೆಯ ಆಶ್ರಮಗಳು ಇಲ್ಲದೆಯೂ ಇಲ್ಲ. ನಿರ್ಗತಿಕರಾದ ವೃದ್ಧೆಯರಿಗಾಗಿ ಸಾವಿತ್ರಿ ವೈತಿಯವರು ಇದೇ ನಗರದಲ್ಲಿ 1978ರಲ್ಲಿ ಆರಂಭಿಸಿದ ‘ವಿಶ್ರಾಂತಿ’ಯಂತಹ ಸಂಸ್ಥೆಗಳು ಮಾಡಿರುವ ಸೇವೆಯನ್ನು ಮರೆಯಲಾಗದು.

ಆದರೆ ಇಲ್ಲಿ ಒಂದು ಮನೋವ್ಯಥೆ ನಮ್ಮವರನ್ನು ಕಾಡುತ್ತದೆ. ತಾಯಿಯನ್ನು ಆಶ್ರಮದಲ್ಲಿ ಬಿಟ್ಟಿದ್ದೇವೆಂಬುದನ್ನು ಊರಿನವರ ಮುಂದೆ ಹೇಳಲು ಸಂಕೋಚ. ಸಂಕೋಚದಿಂದ ಅಲ್ಲಿಗೆ ಹೋಗುವುದು ವಿರಳವಾಗುತ್ತದೆ. ಹೋದಾಗ ಏನಾದರೂ ಕಂಡರೂ ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ “ಹಾಗಿದ್ದರೆ ನಿಮ್ಮ ಮನೆಗೇ ಕರೆದುಕೊಂಡು ಹೋಗಿ” ಎಂಬ ಉತ್ತರ ಬರಬಹುದೆಂಬ ಭಯ. ಈ ಸಂಕೋಚವೂ ಭಯವೂ ಕೂಡಿ, ದುಷ್ಟರಾದ ಮೇಲ್ವಿಚಾರಕರಿಗೆ ಅತ್ಯಂತ ಬಲವಾದ ರಕ್ಷಾಕವಚವಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಹೊಲದ ಯಜಮಾನನು ಆ ಕಡೆ ಬರುವುದಿಲ್ಲವೆಂದು ಗೊತ್ತಾದಾಗಲೇ.

ಇದು ನಮ್ಮ ದೇಶವೊಂದರ ಪಾಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ನಾನಾ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಇಂತಹ ಸಂಸ್ಥೆಗಳ ನೌಕರರಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ವೃದ್ಧರನ್ನು ಯಾವುದಾದರೊಂದು ರೀತಿಯಲ್ಲಿ ಕೆಟ್ಟದಾಗಿ ನಡೆಸಿಕೊಂಡುದನ್ನು ತಾವೇ ಒಪ್ಪಿಕೊಂಡಿದ್ದರು. ಅವರೆಲ್ಲರೂ ಕ್ರೂರಿಗಳೆಂದು ತಿಳಿಯಬೇಕಾಗಿಲ್ಲ. ಕಡಿಮೆ ಸಂಬಳ, ನಿದ್ರೆಯಿಲ್ಲದ ಪಾಳಿ, ಒಬ್ಬನ ಕೈಗೆ ಇಪ್ಪತ್ತು ಮಂದಿ ರೋಗಿಗಳು, ಇಂತಹ ಸ್ಥಿತಿಯಲ್ಲಿ ಒಳ್ಳೆಯವನ ತಾಳ್ಮೆಯೂ ಕೆಡುತ್ತದೆ. ಹಬ್ಬದ ದಿನದ ಗಿರಾಕಿಗಳ ನೂಕುನುಗ್ಗಲಿನಲ್ಲಿ ಒಬ್ಬನೇ ಹತ್ತು ಮೇಜು ನೋಡಿಕೊಂಡವರಿಗೆ ಈ ಮಾತು ಬೇಗನೆ ಅರ್ಥವಾದೀತು. ಆದರೆ ಮೇಜಿನ ಮುಂದಿನ ಗಿರಾಕಿ ಎದ್ದು ಹೋಗಬಲ್ಲನು. ಹಾಸಿಗೆ ಹಿಡಿದ ಮುದುಕಿ ಎದ್ದು ಹೋಗಲಾರಳು.

ಹಾಗಾದರೆ ಏನನ್ನು ನೋಡಬೇಕು? ಹೋಟೆಲಿನ ಯೋಗ್ಯತೆ ಮುಂಭಾಗದ ಕನ್ನಡಿಗಳಿಂದ ತಿಳಿಯುವುದಿಲ್ಲ, ಅಡಿಗೆಮನೆಯಿಂದ ತಿಳಿಯುತ್ತದೆಂಬುದು ನಮ್ಮವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆಶ್ರಮದ ಯೋಗ್ಯತೆಯೂ ಕಛೇರಿಯ ಕೋಣೆಯಲ್ಲಿ ಇರುವುದಿಲ್ಲ. ಹಾಸಿಗೆ, ಪಾಯಖಾನೆ, ಊಟದ ತಟ್ಟೆ ಇವುಗಳಲ್ಲಿರುತ್ತದೆ. ಮುಂಚಿತವಾಗಿ ತಿಳಿಸದೆ, ಊಟದ ಹೊತ್ತಿನಲ್ಲಿ ಒಮ್ಮೆ, ಸಾಯಂಕಾಲ ಒಮ್ಮೆ ಹೋಗಿ ನೋಡಬೇಕು. ಮಣಿಕಟ್ಟಿನಲ್ಲಿಯೂ ಕಾಲಿನ ಗಿಣ್ಣಿನಲ್ಲಿಯೂ ಕಟ್ಟಿದ ಗುರುತುಗಳು. ತೋಳಿನ ಒಳಭಾಗದಲ್ಲಿ ಬೆರಳಿನಂತೆ ಮೂಡಿದ ಕಂದುಗಳು. ಸೊಂಟದ ಕೆಳಗೂ ಹಿಮ್ಮಡಿಯಲ್ಲಿಯೂ ಹಾಸಿಗೆ ಹುಣ್ಣು. ಕಾರಣವಿಲ್ಲದೆ ಇಳಿದ ತೂಕ, ಒಣಗಿದ ತುಟಿ. ಹಗಲೆಲ್ಲ ಬಿಡದ ಮಂಪರು. ಹೋದಾಗಲೆಲ್ಲ ಅದೇ ಕೊಳೆಯ ಬಟ್ಟೆ, ಮೂತ್ರದ ವಾಸನೆ—ಇವು ದೇಹದ ಸಾಕ್ಷ್ಯಗಳು. ಮನಸ್ಸಿನ ಸಾಕ್ಷ್ಯಗಳೂ ಉಂಟು. ಮಾತುಗಾರ್ತಿಯಾಗಿದ್ದ ತಾಯಿ ಆಯಾ ಒಳಗೆ ಬಂದೊಡನೆ ಮೌನವಾದರೆ, ಮಗನೊಡನೆ ಒಬ್ಬಳೇ ಮಾತನಾಡಲು ಒಮ್ಮೆಯೂ ಬಿಡದಿದ್ದರೆ, ಫೋನು ಮಾಡಿದಾಗಲೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದರೆ, “ಇವತ್ತು ನೋಡಲಾಗುವುದಿಲ್ಲ, ನಾಳೆ ಬನ್ನಿ” ಎಂಬ ಮಾತು ಮತ್ತೆ ಮತ್ತೆ ಬಂದರೆ, ಸುಮ್ಮನಿರತಕ್ಕದ್ದಲ್ಲ. ಕೈಬಳೆ, ಓಲೆಗಳು ಮಾಯವಾಗುವುದು, ಪಿಂಚಣಿಯ ಖಾತೆಯಿಂದ ಹಣ ಕರಗುವುದು, ಹೆಬ್ಬೆರಳಿನಲ್ಲಿ ಮಸಿಯ ಗುರುತು ಕಾಣುವುದು, ಇವು ಹಣದ ಮೋಸದ ಚಿಹ್ನೆಗಳು.

ಆದರೂ ಒಂದು ಎಚ್ಚರಿಕೆಯ ಮಾತು ಅವಶ್ಯ. ವೃದ್ಧರ ಚರ್ಮ ತೆಳುವಾದುದು; ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರಿಗೆ ಸಣ್ಣ ತಾಗುವಿಕೆಯಿಂದಲೂ ಕಂದು ಮೂಡುತ್ತದೆ. ಮರೆವಿನ ರೋಗವಿದ್ದವರು ಊಟ ಮಾಡಿಯೂ ಮಾಡಲಿಲ್ಲವೆನ್ನುವುದುಂಟು. ಆದುದರಿಂದ ಒಂದು ಚಿಹ್ನೆಯನ್ನು ಕಂಡೊಡನೆ ಕೂಗಾಡುವುದು ವಿವೇಕವಲ್ಲ. ಅಂತೆಯೇ “ಮರೆವಿನವರ ಮಾತು” ಎಂದು ತಳ್ಳಿಹಾಕುವುದೂ ವಿವೇಕವಲ್ಲ. ವಿಚಾರಿಸಬೇಕು, ಬರೆದಿಡಬೇಕು, ಆಶ್ರಮಕ್ಕೆ ಸಂಬಂಧವಿಲ್ಲದ ವೈದ್ಯರಿಗೆ ತೋರಿಸಬೇಕು.

ಬರೆದಿಡುವ ವಿಷಯದಲ್ಲಿ ನಮ್ಮ ಗುಮಾಸ್ತ ಬಂಧುಗಳು ಉಳಿದವರಿಗೆ ಗುರುಗಳಾಗಬಹುದು. ಕಡತದಲ್ಲಿ ಇಲ್ಲದ ಕಾಗದ ಇಲ್ಲದಂತೆಯೇ ಎಂಬುದು ಅವರಿಗೆ ತಿಳಿದ ಸತ್ಯ. ಸೇರಿಸುವ ದಿನವೇ ಆಶ್ರಮದ ನೋಂದಣಿ ಪತ್ರವನ್ನು ಕಣ್ಣಾರೆ ನೋಡಬೇಕು. ತಮಿಳುನಾಡಿನಲ್ಲಿ ವೃದ್ಧಾಶ್ರಮಗಳು ಜಿಲ್ಲಾ ಸಮಾಜ ಕಲ್ಯಾಣ ಅಧಿಕಾರಿಗಳ ಮೂಲಕ ನೋಂದಣಿಯಾಗಿರಬೇಕು. ಮನೋರೋಗಿಗಳನ್ನು ಇರಿಸಿಕೊಳ್ಳುವ ಸಂಸ್ಥೆಯಾದರೆ 2017ನೆಯ ಮಾನಸಿಕ ಆರೋಗ್ಯ ಕಾಯಿದೆಯ ಮೇರೆಗೆ ಪ್ರತ್ಯೇಕ ನೋಂದಣಿ ಬೇಕು. ತಿಂಗಳ ಶುಲ್ಕವೆಷ್ಟು, ರಾತ್ರಿ ಎಷ್ಟು ಮಂದಿ ನೌಕರರಿರುವರು, ವೈದ್ಯರು ಯಾವಾಗ ಬರುವರು, ಬೇರೆಡೆಗೆ ಸಾಗಿಸುವ ಮೊದಲು ಬಂಧುಗಳ ಲಿಖಿತ ಒಪ್ಪಿಗೆ ಪಡೆಯುವರೋ, ಇವೆಲ್ಲವೂ ಕರಾರಿನಲ್ಲಿ ಬರಹಕ್ಕೆ ಬರಬೇಕು. ಮೇಲೆ ಹೇಳಿದ ಪ್ರಕರಣವನ್ನು ನೆನೆದರೆ ಈ ಕೊನೆಯ ಷರತ್ತಿನ ಬೆಲೆ ತಿಳಿಯುತ್ತದೆ. ಪ್ರತಿ ತಿಂಗಳ ರಸೀತಿಯನ್ನು ಜೋಪಾನವಾಗಿಡಬೇಕು. ಅನುಮಾನ ಬಂದ ದಿನದಿಂದ ತಾರೀಖು ಸಹಿತ ಟಿಪ್ಪಣಿ, ಗಾಯಗಳ ಛಾಯಾಚಿತ್ರ, ವೈದ್ಯರ ಸರ್ಟಿಫಿಕೇಟು, ಇವು ಕೈಯಲ್ಲಿರಬೇಕು.

ಇನ್ನು ಕಾನೂನಿನ ದಾರಿಗಳು. ಪ್ರಾಣಾಪಾಯವಿದ್ದಲ್ಲಿ ಮೊದಲು ಮಾಡಬೇಕಾದುದು ತಾಯ್ತಂದೆಗಳನ್ನು ಆಸ್ಪತ್ರೆಗೆ ಸಾಗಿಸುವುದು. ಅರ್ಜಿ ಫಿರ್ಯಾದುಗಳೆಲ್ಲ ಆಮೇಲೆ. ಅನಂತರ ಪೊಲೀಸು. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೊಡೆದು ಗಾಯಪಡಿಸುವುದು, ಅಕ್ರಮವಾಗಿ ಕೂಡಿಹಾಕುವುದು, ಬೆದರಿಸುವುದು, ನಂಬಿಕೆದ್ರೋಹದಿಂದ ಹಣ ಲಪಟಾಯಿಸುವುದು, ಇವೆಲ್ಲವೂ ಶಿಕ್ಷಾರ್ಹ ಅಪರಾಧಗಳು. ಅದರ 357ನೆಯ ಕಲಮನ್ನು ಬಹಳ ಮಂದಿ ಬಲ್ಲವರಲ್ಲ. ರೋಗದಿಂದಲೋ ದೇಹದೌರ್ಬಲ್ಯದಿಂದಲೋ ಅಸಹಾಯನಾದವನನ್ನು ನೋಡಿಕೊಳ್ಳುವುದಾಗಿ ಕರಾರು ಮಾಡಿಕೊಂಡವನು ಬೇಕೆಂದೇ ಆ ಕೆಲಸವನ್ನು ಬಿಟ್ಟರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು ಅದು ಹೇಳುತ್ತದೆ. ಕರಾರು ಬರಹದಲ್ಲಿರಬೇಕೆಂದು ನಾವು ಒತ್ತಿ ಹೇಳಿದುದಕ್ಕೆ ಇದೂ ಒಂದು ಕಾರಣ.

“ತಾಯಿ ಇರುವುದು ಮೈಸೂರಿನಲ್ಲಿ, ನಾನಿರುವುದು ಮಾಂಬಲದಲ್ಲಿ, ಫಿರ್ಯಾದು ಎಲ್ಲಿ ಕೊಡಲಿ?” ಎಂದು ಕೇಳುವವರಿದ್ದಾರೆ. ಪೊಲೀಸರು ತಾವಾಗಿಯೇ ಕೈಗೆತ್ತಿಕೊಳ್ಳಬಹುದಾದ ಗಂಭೀರ ಅಪರಾಧವಾದರೆ, ಅದು ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಸ್ಪಷ್ಟಪಡಿಸಿದೆ. ದಾಖಲಾದ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯವರು ಬರೆದುಕೊಳ್ಳದಿದ್ದರೆ ಪೊಲೀಸು ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಬರೆದು ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು. ಸಾಕ್ಷಿ ಹೇಳಿಕೆಗಾಗಿ ವೃದ್ಧೆಯನ್ನು ಠಾಣೆಗೆ ಎಳೆದಾಡುವರೆಂಬ ಅಂಜಿಕೆಯೂ ಬೇಡ. ಸ್ತ್ರೀಯರನ್ನೂ 60 ವರ್ಷ ಮೀರಿದ ಪುರುಷರನ್ನೂ ಅವರು ವಾಸವಾಗಿರುವ ಸ್ಥಳದಲ್ಲಿಯೇ ವಿಚಾರಿಸಬೇಕೆಂದು ಅದೇ ಸಂಹಿತೆಯ 179ನೆಯ ಕಲಮು ವಿಧಿಸಿದೆ. ಮನುಷ್ಯನೇ ಕಾಣೆಯಾದಾಗ, ಇಲ್ಲವೆ ನೋಡಲು ಬಿಡದೆ ಕೂಡಿಹಾಕಿದಾಗ, ಹೈಕೋರ್ಟಿನ ಹೇಬಿಯಸ್ ಕಾರ್ಪಸ್ ಅರ್ಜಿ ಇದ್ದೇ ಇದೆ.

ಶುಲ್ಕ ಕೊಟ್ಟು ಇರಿಸಿದವರಿಗೆ ಇನ್ನೊಂದು ಬಾಗಿಲುಂಟು. ಹಣ ಪಡೆದು ಸರಿಯಾದ ಸೇವೆ ಕೊಡದಿದ್ದುದು 2019ನೆಯ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಸೇವಾಲೋಪವಾಗುತ್ತದೆ. ಆಶ್ರಮ ಎಲ್ಲಿಯೇ ಇರಲಿ, ಫಿರ್ಯಾದುದಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಬಹುದೆಂಬುದು ನಮ್ಮಂತಹ ವಲಸಿಗರಿಗೆ ದೊಡ್ಡ ಅನುಕೂಲ. ಕೊಟ್ಟ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ; ವಕೀಲರು ಇರಲೇಬೇಕೆಂಬುದೂ ಇಲ್ಲ. ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಧರ್ಮಾರ್ಥವಾಗಿ, ಏನೂ ಪಡೆಯದೆ ಇರಿಸಿಕೊಂಡ ಆಶ್ರಮಗಳಿಗೆ ಈ ಕಾಯಿದೆ ತಾಗುವುದಿಲ್ಲ. ಕ್ರಿಮಿನಲ್ ಕಾಯಿದೆ ಮಾತ್ರ ಅವುಗಳಿಗೂ ತಾಗುತ್ತದೆ. ಉಚಿತ ಅನ್ನ ಕೊಟ್ಟವನಿಗೆ ಹೊಡೆಯುವ ಹಕ್ಕು ಬರುವುದಿಲ್ಲ.

2007ನೆಯ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಾಭಿವೃದ್ಧಿ ಕಾಯಿದೆಯ ಹೆಸರನ್ನು ಅನೇಕರು ಕೇಳಿರುವರು. ಅದರ ನ್ಯಾಯಮಂಡಳಿಗೆ ತಮಿಳುನಾಡಿನಲ್ಲಿ ರೆವಿನ್ಯೂ ಡಿವಿಜನಲ್ ಅಧಿಕಾರಿಗಳೂ ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳೂ ಅಧ್ಯಕ್ಷರು. ಅದು ಮುಖ್ಯವಾಗಿ ಮಕ್ಕಳಿಂದಲೂ ಬಂಧುಗಳಿಂದಲೂ ಪೋಷಣೆ ಕೊಡಿಸುವ ಮಂಡಳಿ. ಆಶ್ರಮದವರನ್ನು ಶಿಕ್ಷಿಸುವ ಕೋರ್ಟಲ್ಲ. ಆದರೆ ಅದೇ ಕಾಯಿದೆಯ 23ನೆಯ ಕಲಮು ಇಲ್ಲಿಯೂ ಉಪಯುಕ್ತ. ಕಡೆಯತನಕ ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಮನೆಯನ್ನೋ ಜಮೀನನ್ನೋ ಬರೆಸಿಕೊಂಡವರು ಮಾತಿಗೆ ತಪ್ಪಿದರೆ ಆ ದಸ್ತಾವೇಜನ್ನು ರದ್ದುಪಡಿಸಲು ಮಂಡಳಿಗೆ ಅಧಿಕಾರವುಂಟು. ಷರತ್ತು ಪತ್ರದಲ್ಲಿಯೇ ನಮೂದಾಗಿದ್ದರೆ ಕ್ಷೇಮ. ಇನ್ನು 24ನೆಯ ಕಲಮು: ಆರೈಕೆಯ ಹೊಣೆ ಹೊತ್ತವನು ಹಿರಿಯರನ್ನು ಸಂಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ ಅವನಿಗೂ ಮೂರು ತಿಂಗಳ ಸೆರೆ, 5,000 ರೂಪಾಯಿ ದಂಡಗಳ ವರೆಗೆ ಶಿಕ್ಷೆಯಾಗಬಹುದು. ಈ ಕಲಮು ಆಶ್ರಮದವರಿಗೆ ಮಾತ್ರ ಬರೆದುದಲ್ಲ, ಮಕ್ಕಳಿಗೂ ಬರೆದುದು. ಒಮ್ಮೆ ಸೇರಿಸಿ ಮತ್ತೆ ಅತ್ತ ಮುಖ ಹಾಕದವರು ಇದನ್ನು ಓದಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೋರ್ಟು ಕಛೇರಿ ಎಂದರೆ ಬಡವನಿಗೆ ಹೆದರಿಕೆ ಸಹಜ. ಆದರೆ 14567 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಿರಿಯರಿಗಾಗಿ ಏರ್ಪಡಿಸಿರುವ ‘ಎಲ್ಡರ್ ಲೈನ್’ ಸಹಾಯವಾಣಿ ದೊರೆಯುತ್ತದೆ. ಇದು ದೇಶದಾದ್ಯಂತದ ಸೇವೆ, ಉಚಿತ. ಕಾನೂನಿನ ಸಲಹೆಗೆ 15100. ಮದ್ರಾಸ್ ಹೈಕೋರ್ಟಿನ ಆವರಣದಲ್ಲಿಯೇ ರಾಜ್ಯ ಕಾನೂನು ಸೇವಾ ಪ್ರಾಧಿಕಾರವಿದೆ. ಸ್ತ್ರೀಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕನ್ನು 1987ನೆಯ ಕಾಯಿದೆ ಕೊಟ್ಟಿದೆ. ಅಲ್ಪ ಆದಾಯದವರಿಗೂ ಕೊಟ್ಟಿದೆ. ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ಸೋಮವಾರದ ಕುಂದುಕೊರತೆಯ ದಿನದಂದು ಅರ್ಜಿ ಕೊಟ್ಟು ಆಶ್ರಮದ ತಪಾಸಣೆಯನ್ನು ಕೋರಬಹುದು. ಅರ್ಜಿಯ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬಾರದು.

“ದೂರು ಕೊಟ್ಟರೆ ತಾಯಿಯನ್ನು ಹೊರಗೆ ಹಾಕಿಯಾರು” ಎಂಬ ಆಕ್ಷೇಪ ಉಳಿಯುತ್ತದೆ. ಇದು ಸುಳ್ಳು ಭಯವೆಂದು ನಾವು ಹೇಳುವುದಿಲ್ಲ. ಆದುದರಿಂದಲೇ ಫಿರ್ಯಾದು ಕೊಡುವ ಮುಂಚೆ ಬೇರೆ ಜಾಗವೊಂದನ್ನು, ಸ್ವಲ್ಪ ಕಾಲಕ್ಕಾದರೂ, ನೋಡಿಕೊಂಡಿರಬೇಕು. ಒಬ್ಬೊಬ್ಬರಿಗೆ ಇದು ಕಷ್ಟ. ಹತ್ತು ಮಂದಿ ಸೇರಿದರೆ ಅಷ್ಟು ಕಷ್ಟವಲ್ಲ. ಸರಕಾರಗಳ ಪಾಲಂತೂ ಬಹಳ ಬಾಕಿ ಇದೆ. ಜಿಲ್ಲೆಗೊಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಆಶ್ರಮಗಳನ್ನು ಸರಕಾರವೇ ಸ್ಥಾಪಿಸಬಹುದೆಂದು 2007ನೆಯ ಕಾಯಿದೆಯ 19ನೆಯ ಕಲಮು ಹೇಳುತ್ತದೆ. ‘ಸ್ಥಾಪಿಸಬಹುದು’ ಎಂದಿದೆಯೇ ಹೊರತು ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಎಲ್ಲ ಆಶ್ರಮಗಳ ನೋಂದಣಿಯನ್ನೂ ಕನಿಷ್ಠ ಮಟ್ಟದ ಸೌಕರ್ಯಗಳನ್ನೂ ಕಡ್ಡಾಯಪಡಿಸುವ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದಿತ್ತು. 2024ರಲ್ಲಿ ಆ ಸಭೆಯ ಅವಧಿ ಮುಗಿಯುವ ತನಕವೂ ಅಂಗೀಕಾರವಾಗಲಿಲ್ಲ. ಮತ ಕೇಳಲು ಬರುವವರನ್ನು ಇದರ ಬಗ್ಗೆ ಕೇಳುವುದು ನಮ್ಮ ಹಕ್ಕು.

ಸರಕಾರ ಎಚ್ಚರಗೊಳ್ಳುವ ತನಕ ನಾವು ಕಾದು ಕುಳಿತಿರಬೇಕಾಗಿಲ್ಲ. ನಗರದ ಕನ್ನಡ ಸಂಘಗಳಿಗೆ ಒಂದು ಸೂಚನೆ. ರಾಜ್ಯೋತ್ಸವಕ್ಕೂ ನಾಟಕಕ್ಕೂ ಸಮಿತಿಗಳನ್ನು ಮಾಡುವಂತೆ, ಆಶ್ರಮಗಳಲ್ಲಿರುವ ನಮ್ಮ ಹಿರಿಯರನ್ನು ಸರದಿಯಂತೆ ಹೋಗಿ ನೋಡಿಬರುವ ಸಮಿತಿಯೊಂದನ್ನು ಮಾಡಬಾರದೇಕೆ? ಇಲ್ಲಿರುವ ಕುಂದಾಪುರದವನು ಇಲ್ಲಿಯೇ ಆಶ್ರಮದಲ್ಲಿರುವ ತುಮಕೂರಿನ ತಾಯಿಯನ್ನು ನೋಡಿಬಂದರೆ, ತುಮಕೂರಿನಲ್ಲಿರುವವರು ಅವನ ತಾಯಿಯನ್ನು ನೋಡಿಬರಲಾರರೇ? ತಮಿಳು ಬಾರದ ಮುದುಕರಿಗೆ ಕನ್ನಡದಲ್ಲಿ ನಾಲ್ಕು ಮಾತು ಆಡುವವರು ಬಂದರೆಂದರೆ ಅದೇ ಒಂದು ಔಷಧ. ಆಯಾಗೆ ಅರ್ಥವಾಗದ ಭಾಷೆಯಲ್ಲಿ ಅವರು ತಮ್ಮ ಕಷ್ಟವನ್ನು ಹೇಳಿಕೊಳ್ಳಲೂ ಆದೀತು. ಹೋಟೆಲು ಮಾಲಿಕರಿಗೂ ಒಂದು ವಿನಂತಿ. ಊರಿಗೆ ಹೋಗಿಬರಲು ಮಂಗಳೂರು ಮೈಲಿನಲ್ಲಿ ಎರಡು ರಾತ್ರಿ ಬೇಕು, ನಡುವೆ ಒಂದು ಹಗಲು ಬೇಕು. ಆಶ್ರಮದಲ್ಲಿ ತಾಯ್ತಂದೆಗಳಿರುವ ನೌಕರನಿಗೆ ಎರಡು ತಿಂಗಳಿಗೊಮ್ಮೆ ಅಷ್ಟು ರಜೆಯನ್ನು ಸಂಬಳ ಹಿಡಿಯದೆ ಕೊಟ್ಟರೆ, ಉದ್ಯಮಕ್ಕೆ ಆಗುವ ನಷ್ಟ ಅಲ್ಪ, ಆಗುವ ಪುಣ್ಯ ದೊಡ್ಡದು.

ನಮ್ಮ ವಾಚಕರಲ್ಲಿ ಯಾರ ತಂದೆತಾಯಿಗಳು ಈಗ ಆಶ್ರಮದಲ್ಲಿರುವರೋ ಅವರು ಈ ತಿಂಗಳ ವಾರದ ರಜೆಯಲ್ಲಿ ಒಂದನ್ನು ಅದಕ್ಕಾಗಿ ಮೀಸಲಿಡಲಿ. ದೂರವಿರುವವರು ಹತ್ತಿರದ ನೆಂಟರನ್ನಾದರೂ ಕಳುಹಿಸಲಿ. ಹೋದಾಗ ಕಛೇರಿಯಲ್ಲಿ ಕುಳಿತು ಕಾಫಿ ಕುಡಿದು ಹಿಂದಿರುಗದೆ, ಹಾಸಿಗೆಯ ಬಳಿ ಕುಳಿತು, ಕೈ ಹಿಡಿದು ನೋಡಿ, ಊಟವೇನೆಂದು ಕೇಳಿ, ಮತ್ತೆ ಬರುವೆವೆಂದು ನೌಕರರಿಗೆ ಕೇಳಿಸುವಂತೆ ಹೇಳಿ ಬರಲಿ.